ಪುಟ್ಟಿಯ ಪದಪಟ್ಟಿಗೆ ಚಿಕ್ಕಮ್ಮನ ಉತ್ತರ

ಪುಟ್ಟಿ, ನಿನ್ನ ಮೆಸೇಜು ಈಗಷ್ಟೇ ನೋಡಿದೆ. ಒಂದೆರಡು ಸಾಲಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು, ಅದಕ್ಕೇ ಉದ್ದಕ್ಕೆ ಹೇಳುತ್ತಿದ್ದೇನೆ. ಗ್ರೂಪಿನಲ್ಲೇ ಹಾಕುತ್ತೇನೆ. ಭಾವನೂ ಕೇಳಲಿ, ಪಿಯುಸಿ ಓದುತ್ತಿರುವ ಹುಡುಗರಿಗೂ ಮುಂದೆ ಬೇಕಾಗುತ್ತದೆ.

ನೀನು ಹೇಳಿದ್ದು ಇಷ್ಟು. ಐಇಎಲ್‌ಟಿಎಸ್‌ಗೆ ಅಂದರೆ ಹೊರದೇಶದಲ್ಲಿ ಓದಲು ಕೇಳುವ ಇಂಗ್ಲಿಷ್ ಪರೀಕ್ಷೆಗೆ, ಇನ್ನು ಮೂರು ತಿಂಗಳಿದೆ. ಯಾರೋ ಕಳಿಸಿದ 3000 ಪದಗಳ ಪಿಡಿಎಫ್ ಇಟ್ಟುಕೊಂಡು ದಿನಕ್ಕೆ 50 ಬಾಯಿಪಾಠ ಮಾಡುತ್ತಿದ್ದೀಯ. ಬೆಳಗ್ಗೆ ಕಲಿತದ್ದು ಸಂಜೆಗೆ ನೆನಪಿರಲ್ಲ. ರೀಡಿಂಗ್ ಮಾರ್ಕ್ಸ್ ಏರುತ್ತಿಲ್ಲ. ಕೊನೆಗೆ, ‘ಕನ್ನಡ ಮೀಡಿಯಂನಲ್ಲಿ ಓದಿದ್ದಕ್ಕೇ ಹೀಗಾ ಚಿಕ್ಕಮ್ಮ?’ ಅಂತ ಕೇಳಿದ್ದೀಯ.

ಮೊದಲು ಆ ಕೊನೆಯ ಮಾತಿಗೆ ಉತ್ತರ ಹೇಳುತ್ತೇನೆ, ಯಾಕೆಂದರೆ ಅದು ನನಗೆ ನೋವಾಯಿತು. ಕನ್ನಡ ಮೀಡಿಯಂ ನಿನಗೆ ಅಡ್ಡಿ ಅಲ್ಲ. ಹೈಸ್ಕೂಲಿನಲ್ಲಿ ನೀನು ದ್ಯುತಿಸಂಶ್ಲೇಷಣೆ ಕಲಿತೆ, ಗುರುತ್ವಾಕರ್ಷಣೆ ಕಲಿತೆ, ತಲಾ ಆದಾಯ ಕಲಿತೆ. ಇವನ್ನೆಲ್ಲ ಮನೆಯಲ್ಲಿ ಯಾರು ಆಡುತ್ತಾರೆ? ತೋಟದಲ್ಲಿ ಯಾರು ಆಡುತ್ತಾರೆ? ಆದರೂ ಇವತ್ತಿಗೂ ನಿನಗೆ ಚೆನ್ನಾಗಿ ನೆನಪಿವೆ. ಪಟ್ಟಿ ಹಿಡಿದು ಉರು ಹೊಡೆದಿದ್ದಕ್ಕೆ ನೆನಪಿರುವುದಲ್ಲ. ಪಾಠ ಕೇಳಿದೆ, ಎಲೆಯ ಚಿತ್ರ ಬರೆದು ಭಾಗ ಗುರುತಿಸಿದೆ, ಪರೀಕ್ಷೆಯಲ್ಲಿ ಉತ್ತರ ಬರೆದೆ. ವಿಷಯದ ಜೊತೆಯಲ್ಲೇ ಪದವೂ ಬಂತು. ಮನೆಮಾತು ಬೇರೆ, ಪುಸ್ತಕದ ಮಾತು ಬೇರೆ ಅನ್ನುವುದು ನಿನಗೆ ಹೊಸದೇನಲ್ಲ. ಒಂದು ಸಲ ಆ ದಾರಿ ನಡೆದಿದ್ದೀಯ. ಇಂಗ್ಲಿಷಿನಲ್ಲಿ ಇನ್ನೊಮ್ಮೆ ನಡೆಯಬೇಕು, ಅಷ್ಟೇ.

ಈಗ ಆ ಪಿಡಿಎಫ್. ನೀನು ಕಳಿಸಿದ ಪುಟ ನೋಡಿದೆ. ಪ್ಲೆಥೊರಾ, ಯುಬಿಕ್ವಿಟಸ್, ಕಕಾಫನಿ, ಬರೀ ಇಂಥವೇ. ಅದನ್ನು ಇವತ್ತೇ ಬದಿಗಿಡು. ಇಂಥ ಪದ ಪ್ಯಾಸೇಜಿನಲ್ಲಿ ಅಪರೂಪಕ್ಕೆ ಬಂದರೂ ಅಕ್ಕಪಕ್ಕದ ಸಾಲು ನೋಡಿ ದಾಟಿಕೊಂಡು ಹೋಗಬಹುದು. ನಿನ್ನನ್ನು ತಡೆಯುತ್ತಿರುವುದು ಬೇರೆ ಪದಗಳು. ಅಸ್ಯೂಮ್, ಡಿರೈವ್, ಇಂಡಿಕೇಟ್, ಎಸ್ಟಿಮೇಟ್, ಕಾನ್ಸ್ಟಿಟ್ಯೂಟ್. ನೋಡಿದ ಕೂಡಲೇ ಗೊತ್ತು ಅನ್ನಿಸುತ್ತದೆ, ಅರ್ಥ ಹೇಳು ಅಂದರೆ ತಡವರಿಸುತ್ತೇವೆ. ನಾನು ಕ್ಲಾಸಿನಲ್ಲಿ ವರ್ಷಗಟ್ಟಲೆ ನೋಡಿದ್ದು ಇದನ್ನೇ. ಮಕ್ಕಳು ಕಷ್ಟದ ಪದಕ್ಕೆ ಹೆದರುತ್ತಾರೆ, ಮಾರ್ಕ್ಸ್ ಹೋಗುವುದು ಮಾತ್ರ ಈ ಮಧ್ಯದ ಪದಗಳಲ್ಲಿ.

ಈ ಮಧ್ಯದ ಪದಗಳಿಗೆ ಒಂದು ಒಳ್ಳೆಯ ಪಟ್ಟಿ ಇದೆ. ನ್ಯೂಜಿಲೆಂಡಿನ ವಿಕ್ಟೋರಿಯಾ ಯೂನಿವರ್ಸಿಟಿ ಆಫ್ ವೆಲಿಂಗ್ಟನ್‌ನಲ್ಲಿ ಆವೆರಿಲ್ ಕಾಕ್ಸ್‌ಹೆಡ್ ಅನ್ನುವವರು ಮಾಡಿದ್ದು. 2000ನೇ ಇಸವಿಯಲ್ಲಿ ಪ್ರಕಟವಾಯಿತು. ಹೆಸರು ಅಕಾಡೆಮಿಕ್ ವರ್ಡ್ ಲಿಸ್ಟ್. ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ, ನಾಲ್ಕೂ ಕಡೆಯ ಓದಿನಿಂದ ಸುಮಾರು 35 ಲಕ್ಷ ಪದಗಳಷ್ಟು ಬರಹ ಸೇರಿಸಿಕೊಂಡು, ಎಲ್ಲ ಕಡೆಯೂ ಮತ್ತೆ ಮತ್ತೆ ಬರುವ ಪದ ಯಾವುವು ಅಂತ ಎಣಿಸಿದರು. ದಿನಬಳಕೆಯ 2000 ಪದಗಳನ್ನು ಮೊದಲೇ ಹೊರಗಿಟ್ಟರು. ಅದಕ್ಕೆ 1953ರಲ್ಲಿ ಮೈಕೆಲ್ ವೆಸ್ಟ್ ಮಾಡಿದ್ದ ಪಟ್ಟಿ ಬಳಸಿಕೊಂಡರು. ಉಳಿದದ್ದು 570 ಪದ ಕುಟುಂಬಗಳು, ಅಂದರೆ ಒಂದೇ ಮೂಲದಿಂದ ಬೆಳೆದ ಪದಗಳ ಗುಂಪುಗಳು. ಓದಿನ ಪುಸ್ತಕದಲ್ಲಿ ನೂರು ಪದಕ್ಕೆ ಸುಮಾರು ಹತ್ತು ಇಲ್ಲಿಯವೇ. ಕಥೆ, ಕಾದಂಬರಿಯಲ್ಲಿ ನೂರಕ್ಕೆ ಒಂದೂವರೆಯೂ ಇಲ್ಲ. ನೀನು ಇಂಗ್ಲಿಷ್ ಕಾದಂಬರಿ ಸಲೀಸಾಗಿ ಓದುತ್ತೀಯ, ಸಿನಿಮಾನೂ ಸಬ್‌ಟೈಟಲ್ ಇಲ್ಲದೆ ನೋಡುತ್ತೀಯ, ಆದರೂ ರೀಡಿಂಗಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀಯ ಅಲ್ವಾ? ಕಾರಣ ಇದೇ. ಅಲ್ಲಿ ಈ ಪದಗಳು ಕಣ್ಣಿಗೆ ಬೀಳುವುದೇ ಕಡಿಮೆ.

ಪಟ್ಟಿಯಲ್ಲಿ ಹತ್ತು ಭಾಗ ಇವೆ. ಮೊದಲ ಭಾಗದ 60 ಪದಗಳಿಗೆ ಬಳಕೆ ಎಲ್ಲಕ್ಕಿಂತ ಜಾಸ್ತಿ. ಅಲ್ಲಿಂದ ಶುರು ಮಾಡು. ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ, ಯಾರಿಗೂ ದುಡ್ಡು ಕೊಡಬೇಡ. ಇದು ಐಇಎಲ್‌ಟಿಎಸ್‌ನವರು ಕೊಟ್ಟ ಪಟ್ಟಿ ಅಲ್ಲ ಅನ್ನುವುದೂ ನಿನಗೆ ಗೊತ್ತಿರಲಿ. ‘ಪರೀಕ್ಷೆಯ ಅಧಿಕೃತ ಪದಪಟ್ಟಿ’ ಅಂತ ಯಾರಾದರೂ ಮಾರಿದರೆ ನಂಬಬೇಡ.

ಹಾಗಂತ 570ನ್ನು ಬಾಯಿಪಾಠ ಮಾಡಲು ಕೂತರೆ ಮತ್ತೆ ಅದೇ ಕಥೆ. ಮರೆಯುವುದು ನಿನ್ನ ತಲೆಯ ತಪ್ಪಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಅನ್ನುವವರು ಅರ್ಥವಿಲ್ಲದ ಅಕ್ಷರ ಗುಂಪುಗಳನ್ನು ತಾವೇ ಉರು ಹೊಡೆದು, ಎಷ್ಟು ನೆನಪಿರುತ್ತದೆ ಅಂತ ಅಳೆದು 1885ರಲ್ಲೇ ಬರೆದರು. ಹೆಚ್ಚಿನ ಭಾಗ ಮೊದಲ ದಿನದಲ್ಲೇ ಹೋಗಿಬಿಡುತ್ತದೆ. ಆದರೆ ಬಿಡುವು ಕೊಟ್ಟು ಮತ್ತೆ ಮತ್ತೆ ನೋಡಿದರೆ ನಿಲ್ಲುತ್ತದೆ. ಆದ್ದರಿಂದ ದಿನಕ್ಕೆ ಐದಾರು ಪದ ಸಾಕು. ಮಾರನೇ ದಿನ ನೋಡು, ಮೂರು ದಿನ ಬಿಟ್ಟು ನೋಡು, ವಾರ ಬಿಟ್ಟು ನೋಡು. ನೋಡುವುದು ಅಂದರೆ ಅರ್ಥ ಮುಚ್ಚಿಟ್ಟು ನೆನಪು ಮಾಡಿಕೊಳ್ಳುವುದು, ಸುಮ್ನೆ ಕಣ್ಣಾಡಿಸುವುದಲ್ಲ.

ಒಂದು ಪದ ಕಲಿಯುವುದು ಅಂದರೆ ಅದರ ಕುಟುಂಬವನ್ನೇ ಕಲಿಯಬೇಕು. ವೇರಿ (vary) ತಗೋ. ನಿಮ್ಮ ಕಾಫಿ ತೋಟದಲ್ಲಿ ಇಳುವರಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಅಲ್ಲಿ ವೇರಿ. ಆ ಏರುಪೇರು ವೇರಿಯೇಷನ್. ಮಳೆ, ನೆರಳು, ಗೊಬ್ಬರ, ಯಾವುದು ಬದಲಾದರೆ ಫಲ ಬದಲಾಗುತ್ತದೋ ಅದು ವೇರಿಯಬಲ್. ಹೂಮಳೆ ಬಿದ್ದಾಗೆಲ್ಲ ತಪ್ಪದೆ ಹೂವು ಬಿಡುತ್ತದೆ ಅಂದರೆ ಅಲ್ಲಿ ಇನ್ವೇರಿಯಬ್ಲಿ. ನೋಡು, ವೇರಿ ಗೊತ್ತಿರುವ ಎಷ್ಟೋ ಮಕ್ಕಳು ಇನ್ವೇರಿಯಬ್ಲಿ ಕಂಡಾಗ ‘ಬದಲಾಗುತ್ತದೆ’ ಅಂತಲೇ ಓದಿಕೊಳ್ಳುತ್ತಾರೆ. ಅರ್ಥ ಪೂರ್ತಿ ತಿರುಗಿಬಿಡುತ್ತದೆ.

ಜೊತೆಗೆ ಬರುವ ಸಣ್ಣ ಪದವನ್ನೂ ಬರೆದುಕೋ. ಕಾಂಟ್ರಿಬ್ಯೂಟ್ ಟು, ಕನ್ಸಿಸ್ಟ್ ಆಫ್, ಡಿರೈವ್ಡ್ ಫ್ರಮ್, ಇಂಪ್ಯಾಕ್ಟ್ ಆನ್. ಅವನಿಗೆ ಸಿಟ್ಟು ಬಂತು ಅನ್ನುತ್ತೇವೆ, ಅವನನ್ನು ಸಿಟ್ಟು ಬಂತು ಅಂತ ಯಾರೂ ಅನ್ನಲ್ಲ. ನಮಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ, ಕೇಳಿ ಕೇಳಿ ಬಂದಿದೆ. ಇಂಗ್ಲಿಷಿನಲ್ಲಿ ಅಷ್ಟು ಕೇಳಿರುವುದಿಲ್ಲವಲ್ಲ, ಹಾಗಾಗಿ ಪದ ಸಿಕ್ಕಿದ ಪೂರ್ತಿ ವಾಕ್ಯವನ್ನೇ ನೋಟ್‌ಬುಕ್ಕಿಗೆ ಇಳಿಸು.

ವಾಕ್ಯ ಎಲ್ಲಿಂದ ತರುವುದು ಅಂತೀಯಾ? ನಿನಗೆ ಮೊದಲೇ ಗೊತ್ತಿರುವ ವಿಷಯದಿಂದ. ಇದು ನನ್ನ ಗಟ್ಟಿ ಅಭಿಪ್ರಾಯ. ವಿಷಯವೂ ಹೊಸದು, ಪದವೂ ಹೊಸದು ಆದರೆ ಎರಡೂ ತಲೆಗೆ ಹತ್ತಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಕಾಫಿ ಬೋರ್ಡಿನವರು ಎಲೆ ತುಕ್ಕು ರೋಗ, ಬಿಳಿ ಕಾಂಡಕೊರಕ, ಇದರ ಬಗ್ಗೆ ಇಂಗ್ಲಿಷಿನಲ್ಲಿ ಬರೆದಿರುತ್ತಾರಲ್ಲ, ಅದನ್ನು ಓದು. ಕೊರಕ ಹೊಕ್ಕ ಅರೇಬಿಕಾ ಗಿಡ ಭಾವ ಕಿತ್ತು ಸುಟ್ಟಿದ್ದನ್ನು ನೀನು ಕಣ್ಣಾರೆ ನೋಡಿದ್ದೀಯ. ಹಾಗಾಗಿ ವಾಕ್ಯದ ಅರ್ಥ ನಿನಗೆ ಅರ್ಧ ಮೊದಲೇ ಗೊತ್ತಿರುತ್ತದೆ, ಮೆಥಡ್, ಫ್ಯಾಕ್ಟರ್, ಅಸೆಸ್ ಎಲ್ಲ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅದಕ್ಕೆ ಸಂಬಂಧಿಸಿದ ಇಂಗ್ಲಿಷ್ ಬರಹ ಯುನೆಸ್ಕೊ ವೆಬ್‌ಸೈಟಿನಲ್ಲಿದೆ. ಹಾಸನದ ಹುಡುಗಿಗೆ ಇದಕ್ಕಿಂತ ಒಳ್ಳೆಯ ರೀಡಿಂಗ್ ಪ್ಯಾಸೇಜ್ ಬೇಕಾ?

ರೀಡಿಂಗ್ ಪೇಪರಿನ ಒಂದು ಗುಟ್ಟು ಹೇಳುತ್ತೇನೆ. 60 ನಿಮಿಷ, ಮೂರು ಪ್ಯಾಸೇಜು, 40 ಪ್ರಶ್ನೆ. ಪ್ಯಾಸೇಜಿನಲ್ಲಿರುವ ಪದವನ್ನು ಪ್ರಶ್ನೆಯಲ್ಲಿ ಹಾಗೇ ಇಡುವುದು ಕಡಿಮೆ. ಅಲ್ಲಿ ಲೇಬರ್ ಶಾರ್ಟೇಜ್ ಅಂತಿದ್ದರೆ ಇಲ್ಲಿ ಟೂ ಫ್ಯೂ ವರ್ಕರ್ಸ್ ಅಂತಿರುತ್ತದೆ. ನೀನು ಒಂದೇ ಪದ ಹುಡುಕುತ್ತಾ ಹೋದರೆ ಸಿಗಲ್ಲ, ಟೈಮು ಹೋಗುತ್ತದೆ. ಟ್ರೂ, ಫಾಲ್ಸ್, ನಾಟ್ ಗಿವನ್ (ಸರಿ, ತಪ್ಪು, ಪ್ಯಾಸೇಜಿನಲ್ಲಿ ಹೇಳಿಲ್ಲ) ಪ್ರಶ್ನೆಯಲ್ಲಿ ಸಣ್ಣ ಪದಗಳ ಮೇಲೆ ಕಣ್ಣಿಡು. ಮಳೆ ತಡವಾದರೆ ಇಳುವರಿ ‘ಟೆಂಡ್ಸ್ ಟು’ ಕಡಿಮೆಯಾಗುತ್ತದೆ ಅಂತ ಪ್ಯಾಸೇಜು ಹೇಳಿ, ‘ಆಲ್ವೇಸ್’ ಕಡಿಮೆಯಾಗುತ್ತದೆ ಅಂತ ಪ್ರಶ್ನೆ ಕೇಳಿದರೆ ಅದು ಟ್ರೂ ಅಲ್ಲ. ಪದ ತುಂಬಿಸುವ ಪ್ರಶ್ನೆಯಲ್ಲಿ ಎರಡು ಪದದ ಮಿತಿ ಕೊಟ್ಟಾಗ ಮೂರು ಬರೆದರೆ ಉತ್ತರ ಹೋಯಿತು. ಸ್ಪೆಲ್ಲಿಂಗ್ ತಪ್ಪಿದರೂ ಹೋಯಿತು. ಅದಕ್ಕೇ ಪದಗಳನ್ನು ಕೈಯಲ್ಲಿ ಬರೆದು ಕಲಿ, ಫೋನಿನಲ್ಲಿ ನೋಡಿದರೆ ಸಾಲದು.

ರೈಟಿಂಗಿಗೆ ಬಂದರೆ, ಮೊದಲ ಟಾಸ್ಕಿಗೆ ಕನಿಷ್ಠ 150 ಪದ, ಎರಡನೆಯದಕ್ಕೆ 250. ಎರಡನೆಯದಕ್ಕೆ ತೂಕ ದುಪ್ಪಟ್ಟು. ಮಾರ್ಕ್ಸು ನಾಲ್ಕು ವಿಷಯಕ್ಕೆ ಸಮನಾಗಿ ಹಂಚಿರುತ್ತದೆ, ಪದ ಬಳಕೆ ಅದರಲ್ಲಿ ಒಂದು, ಅಂದರೆ ಕಾಲು ಭಾಗ. ಅದಕ್ಕಾಗಿ ಉಳಿದ ಮುಕ್ಕಾಲು ಭಾಗ ಕೆಡಿಸಿಕೊಳ್ಳಬೇಡ. ಬಾಯಿಪಾಠ ಮಾಡಿದ ದೊಡ್ಡ ದೊಡ್ಡ ವಾಕ್ಯಗಳನ್ನು ಪರೀಕ್ಷಕರು ಸುಲಭವಾಗಿ ಗುರುತು ಹಿಡಿಯುತ್ತಾರೆ. ಸಾದಾ ಪದವನ್ನು ಸರಿಯಾದ ಜಾಗದಲ್ಲಿ ಇಡು, ಅದಕ್ಕೆ ಮಾರ್ಕ್ಸ್ ಇದೆ.

ಮೊದಲ ಟಾಸ್ಕಿನಲ್ಲಿ ಕೆಲವು ಸಲ ಒಂದು ವಸ್ತು ಹೇಗೆ ತಯಾರಾಗುತ್ತದೆ ಅನ್ನುವ ಚಿತ್ರ ಕೊಡುತ್ತಾರೆ. ನೀನು ಮೊದಲು ಬರೆಯಬೇಕಾದ್ದು ನಿಮ್ಮ ಕಾಫಿ ಬಗ್ಗೆ. ಹಣ್ಣು ಕೊಯ್ಯುವುದು, ಪಲ್ಪರಿಗೆ ಹಾಕಿ ಸಿಪ್ಪೆ ತೆಗೆಯುವುದು, ಲೋಳೆ ಬಿಡಲು ಹುದುಗು ಬರಿಸುವುದು, ತೊಳೆಯುವುದು, ಕಣದಲ್ಲಿ ಒಣಗಿಸುವುದು, ಆಮೇಲೆ ಹೊಟ್ಟು ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸಿಗೆ ಕಳಿಸುವುದು. ಇನಿಶಿಯಲ್, ಸೀಕ್ವೆನ್ಸ್, ರಿಮೂವ್, ಸಬ್ಸಿಕ್ವೆಂಟ್, ಟ್ರಾನ್ಸ್‌ಪೋರ್ಟ್, ಫೈನಲ್, ಆರೂ ಆ 570ರಲ್ಲಿವೆ, ಆರೂ ಇಲ್ಲಿ ಸಲೀಸಾಗಿ ಕೂರುತ್ತವೆ. ನಿನಗೆ ಗೊತ್ತಿಲ್ಲದ ಸಿಮೆಂಟ್ ಫ್ಯಾಕ್ಟರಿ ಚಿತ್ರ ಆಮೇಲೆ ಬರಲಿ.

ಭಾವ, ನಿಮಗೆ ಒಂದು ಮಾತು. ಬೆಂಗಳೂರಿನ ಕೋಚಿಂಗಿಗೆ ಕಳಿಸಬೇಕಾ ಅಂತ ಕೇಳಿದ್ದಿರಿ. ಈಗಲೇ ಬೇಡ ಅನ್ನಿಸುತ್ತದೆ. ಒಂದು ತಿಂಗಳು ಅವಳು ಹೀಗೆ ಓದಲಿ, ಆಮೇಲೆ ಒಂದು ಪೂರ್ತಿ ಮಾದರಿ ಪರೀಕ್ಷೆ ಬರೆಯಲಿ. ರೀಡಿಂಗ್ ಏರದೆ ಇದ್ದರೆ ಆಗ ಕೂತು ಮಾತಾಡೋಣ. ಅಲ್ಲಿಯವರೆಗೆ ಸಂಜೆ ಹೊತ್ತು ಅವಳಿಗೆ ಒಂದು ಗಂಟೆ ಯಾರೂ ಕೆಲಸ ಹೇಳಬೇಡಿ. ಅಕ್ಕನಿಗೂ ಹೇಳಿ.

ಪುಟ್ಟಿ, ಮೊದಲ ಭಾಗದಿಂದ ಅನಲೈಸ್, ಅಸ್ಯೂಮ್, ಡಿರೈವ್, ಎಸ್ಟಿಮೇಟ್, ವೇರಿ, ಈ ಐದನ್ನು ಇವತ್ತು ತಗೋ. ಪ್ರತಿಯೊಂದರ ಕುಟುಂಬ, ಜೊತೆಯ ಸಣ್ಣ ಪದ, ಓದಿದಾಗ ಸಿಕ್ಕಿದ ವಾಕ್ಯ, ಆಮೇಲೆ ನಿಮ್ಮ ತೋಟದ ಬಗ್ಗೆ ನಿನ್ನದೇ ಒಂದು ವಾಕ್ಯ. ಕಾಫಿ ತಯಾರಿಕೆಯ ಆ 150 ಪದವನ್ನು ಶನಿವಾರದೊಳಗೆ ಬರೆದು ಫೋಟೊ ತೆಗೆದು ನನಗೆ ಕಳಿಸು. ನಾನು ಕೆಂಪು ಪೆನ್ನಿನಲ್ಲಿ ತಿದ್ದಿ ಅವತ್ತೇ ವಾಪಸ್ ಕಳಿಸುತ್ತೇನೆ.