ಕೆರೆಗೆ ಕೊಳಚೆ ಎಲ್ಲಿಂದ ಬರುತ್ತಿದೆ? ಭಾನುವಾರ ಬಣ್ಣ ಹಾಕಿ ನೋಡೋಣ

4ನೇ ಕ್ರಾಸ್, ಹಳದಿ ಗೇಟು (ಗುರುವಾರ, ಬೆಳಿಗ್ಗೆ 7:10)
ವಾಕಿಂಗ್ ಹೋದವರೆಲ್ಲ ನೋಡಿರುತ್ತೀರಿ. ತೂಬಿನ ಕಡೆ ದಡದಲ್ಲಿ ಮೀನು ಸತ್ತು ಬಿದ್ದಿವೆ. ಮೆಟ್ಟಿಲಿಂದ ಗಣಪತಿ ಬಿಡುವ ಹೊಂಡದವರೆಗೆ ಎಣಿಸುತ್ತಾ ಹೋದೆ. 143ಕ್ಕೆ ಬಿಟ್ಟೆ, ವಾಸನೆ ತಡೆಯಲಾಗಲಿಲ್ಲ. ಹೆಚ್ಚಿನವು ಜಿಲೇಬಿ ಮೀನು, ನಡುವೆ ಅಂಗೈ ಅಗಲದ ಕಾಟ್ಲಾ ಮರಿಗಳು. ಬದುಕಿದ್ದವು ನೀರಿನ ಮೇಲೆ ಬಾಯಿ ತೆರೆದು ಗುಟುಕು ಗುಟುಕಾಗಿ ಗಾಳಿ ಎಳೆಯುತ್ತಿದ್ದವು. ನಿನ್ನೆ ರಾತ್ರಿ ಭರಣಿ ಮಳೆ ಬಂತು ಅಂತ ಖುಷಿಪಟ್ಟಿದ್ದೆ.

5ನೇ ಕ್ರಾಸ್, ಕಾರ್ನರ್ ಮನೆ (7:22)
ಯಾರೋ ವಿಷ ಹಾಕಿದ್ದಾರೆ. ಮೀನು ಹಿಡಿಯುವವರ ಜಗಳ ಇರಬೇಕು.

2ನೇ ಕ್ರಾಸ್, ಕೆಮಿಸ್ಟ್ರಿ ಮೇಷ್ಟ್ರು (7:48)
ವಿಷ ಬೇಕಾಗಿಲ್ಲ, ಉಸಿರು ಕಟ್ಟಿ ಸತ್ತಿವೆ. ಬೇಸಿಗೆಯಿಡೀ ರಾಜಕಾಲುವೆಯ ತಳದಲ್ಲಿ ಕೂತಿದ್ದ ಕೊಳಚೆ ಒಂದೇ ಮಳೆಗೆ ಎದ್ದು ಕೆರೆಗೆ ಬಂದಿದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತವೆ. ಹಗಲಾದರೆ ಪಾಚಿ ಒಂದಷ್ಟು ಆಮ್ಲಜನಕ ಕೊಡುತ್ತದೆ. ರಾತ್ರಿ ಅದೂ ತೆಗೆದುಕೊಳ್ಳುವ ಗಿರಾಕಿಯೇ. ಅದಕ್ಕೇ ಇಂಥ ಸಾವು ಹೊತ್ತು ಹುಟ್ಟುವ ಮುಂಚೆ ಜಾಸ್ತಿ. ಮೀನು ಬಾಳುವ ನೀರಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಇದೆ. ನನ್ನ ಹಳೇ ಕಿಟ್ ತಗೊಂಡು ಹೋಗಿ ನೋಡಿದೆ, 2 ಕೂಡ ಇಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತಾಗಲೂ ಇದೇ ಮಾತು ಬಂದಿತ್ತು.

ಅಪಾರ್ಟ್‌ಮೆಂಟ್ 304 (8:05)
ಹಾಗಾದರೆ ಕಾರಂಜಿ ಹಾಕಿಸೋಣ. ಮನೆಗೆ ಒಂದು ಸಾವಿರ. ನೋಡೋಕೂ ಚೆನ್ನಾಗಿರುತ್ತದೆ. ಹಾಗೇ ಆ ಜೊಂಡನ್ನೆಲ್ಲ ಜೆಸಿಬಿಯಲ್ಲಿ ಎಳೆಸಿಬಿಟ್ಟರೆ ಕೆರೆ ಕ್ಲೀನ್.

4ನೇ ಕ್ರಾಸ್, ಹಳದಿ ಗೇಟು (8:31)
ಕೊಳಚೆ ಬಿಡುತ್ತಲೇ ಕಾರಂಜಿ ಹಾಕುವುದೆಂದರೆ ಒಂದು ಕೈಯಲ್ಲಿ ಕತ್ತು ಹಿಸುಕಿ ಇನ್ನೊಂದು ಕೈಯಲ್ಲಿ ಬೀಸಣಿಗೆ ಬೀಸಿದ ಹಾಗೆ. ಜೊಂಡು ಕೀಳಿಸುವುದಂತೂ ಬೇಡವೇ ಬೇಡ. ಕೆರೆ ಅಷ್ಟಾದರೂ ಉಳಿದಿರುವುದು ಅದರಿಂದ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರನ್ನು ನೇರ ಕೆರೆಗೆ ಬಿಡುವುದಿಲ್ಲ, ಮೊದಲು ಜೊಂಡಿನ ಜೌಗಿನಲ್ಲಿ ಹಾಯಿಸುತ್ತಾರೆ. ಅಲ್ಲಿ ಬೇಕೆಂದೇ ಬಿಟ್ಟಿರುವುದನ್ನು ನಾವು ದುಡ್ಡು ಕೊಟ್ಟು ಕೀಳಿಸಬೇಕಾ? ತೆಗೆಯುವುದಾದರೆ ನೀರ ಮೇಲೆ ತೇಲುವ ಅಂತರಗಂಗೆ ಕಳೆ ತೆಗೆಯೋಣ, ಅದೂ ಕೈಯಿಂದ.

ಇನ್ನೊಂದು ಮಾತು. ಜೊಂಡಿನ ಅಂಚಿನಲ್ಲಿ ಗುಳುಮುಳುಕ ಹಕ್ಕಿ ಗೂಡು ಕಟ್ಟಿದೆ. ಗೂಡು ಅಂದರೆ ಕೊಳೆತ ಗಿಡದ ಒಂದು ತೇಲುವ ಮುದ್ದೆ. ಮೊನ್ನೆ ನಾನು ಹತ್ತಿರ ಹೋದಾಗ ತಾಯಿ ಗಡಿಬಿಡಿಯಲ್ಲಿ ಎರಡು ಎಳೆ ಪಾಚಿ ಎಳೆದು ಮೊಟ್ಟೆ ಮುಚ್ಚಿ ನೀರಿಗೆ ಮುಳುಗಿತು. ಇಲ್ಲಿ ಏನೂ ಇಲ್ಲ ಅನ್ನುವ ಹಾಗೆ! ಇವತ್ತು ಬೆಳಿಗ್ಗೆ ಆ ಮುದ್ದೆಯ ಸುತ್ತ ಬಿಳಿ ನೊರೆ ನಿಂತಿತ್ತು.

5ನೇ ಕ್ರಾಸ್, ಕಾರ್ನರ್ ಮನೆ (8:40)
ದಯವಿಟ್ಟು ಇದನ್ನೆಲ್ಲ ಗುಂಪಿನಲ್ಲಿ ಬರೆಯಬೇಡಿ. ನಮ್ಮ ಮನೆ ಮಾರಾಟಕ್ಕಿದೆ. ಅದು ಮೇಲಿನ ಬಡಾವಣೆಯವರ ಕೊಳಚೆ, ಅವರನ್ನು ಹೋಗಿ ಕೇಳಿ.

1ನೇ ಕ್ರಾಸ್, ಮಹಡಿ ಮನೆ (8:41)
ಮನೆ ನೋಡಲು ಬರುವವರಿಗೆ ಮೂಗು ಇರಲ್ವಾ ಸಾರ್?

4ನೇ ಕ್ರಾಸ್, ಹಳದಿ ಗೇಟು (ಶುಕ್ರವಾರ, ರಾತ್ರಿ 9:15)
ಮೇಲಿನ ಬಡಾವಣೆ ಅಂತ ನಾನೂ ನಂಬಿದ್ದೆ. ಇವತ್ತು ಕಾಲುವೆಯ ಉದ್ದಕ್ಕೂ ನಡೆದು ನೋಡಿದೆ. ಚಿಕ್ಕ ಸೇತುವೆಯ ಮೇಲ್ಗಡೆ ಕಾಲುವೆ ಒಣಗಿದೆ, ಕೆಸರು ಬಿರುಕು ಬಿಡಲು ಶುರುವಾಗಿದೆ. ಸೇತುವೆಯ ಕೆಳಗಡೆ ನೀರು ಹರಿಯುತ್ತಿದೆ. ಸೇತುವೆಗೂ ಕೆರೆಗೂ ನಡುವೆ ಇರುವುದು ನಮ್ಮ 2 ಮತ್ತು 3ನೇ ಕ್ರಾಸ್ ಮಾತ್ರ. ಬೆಳಿಗ್ಗೆ 7ರಿಂದ 9ರವರೆಗೆ ಜೋರು ಹರಿವು, ಮಧ್ಯಾಹ್ನ ಬರೀ ತೊಟ್ಟಿಕ್ಕುತ್ತದೆ, ಸಂಜೆ ಮತ್ತೆ ಜೋರು. ಸ್ನಾನದ ಹೊತ್ತು, ಬಟ್ಟೆ ಒಗೆಯುವ ಹೊತ್ತು. ನೊರೆಗೆ ನಮ್ಮ ಮನೆಯ ಸೋಪುಪುಡಿಯದ್ದೇ ಪರಿಮಳ.

ನಮ್ಮ ಕೋಡಿ ನೀರು ಕೊನೆಗೆ ಬೆಳ್ಳಂದೂರಿಗೇ ಹೋಗುವುದು. ನೊರೆಯ ಕಥೆ, 2017ರ ಫೆಬ್ರವರಿಯಲ್ಲಿ ಆ ಕೆರೆಗೇ ಬೆಂಕಿ ಬಿದ್ದಿದ್ದು, ಎಲ್ಲರಿಗೂ ಗೊತ್ತು. ಅಲ್ಲಿಂದ ವರ್ತೂರು, ದಕ್ಷಿಣ ಪಿನಾಕಿನಿ, ಆಮೇಲೆ ಹೊಸೂರಿನ ಹತ್ತಿರದ ಕೆಲವರಪಳ್ಳಿ ಅಣೆಕಟ್ಟು. ಅಲ್ಲೂ ನೊರೆ ಏಳುತ್ತದೆ.

ದೂರು ಕೊಟ್ಟಾಗಿದೆ. ಒಂದು ಕಚೇರಿಯವರು ಕೆರೆ ನಮ್ಮದು, ಕಾಲುವೆ ನಮ್ಮದಲ್ಲ ಅಂದರು. ಇನ್ನೊಂದು ಕಡೆ ಕಾಲುವೆ ನಮ್ಮದು, ಪೈಪು ನಮ್ಮದಲ್ಲ ಅಂದರು. ಯಾವ ಪೈಪು ಅಂತ ನಾವೇ ತೋರಿಸಿದರೆ ಈ ಆಟ ನಿಲ್ಲಬಹುದು.

2ನೇ ಕ್ರಾಸ್, ಕೆಮಿಸ್ಟ್ರಿ ಮೇಷ್ಟ್ರು (9:40)
ಸುಲಭದ ದಾರಿ ಇದೆ. ಪ್ರತಿ ಮನೆಯ ಮುಂದಿನ ಚೇಂಬರ್‌ಗೆ ಬಣ್ಣದ ನೀರು ಸುರಿಯೋಣ, ಹಿಂದೆಯೇ ಐದು ಬಕೆಟ್ ಬರೀ ನೀರು. ಇಬ್ಬರು ಕಾಲುವೆಯ ಬಾಯಲ್ಲಿ ಬಿಳಿ ಬಕೆಟ್ ಹಿಡಿದು ನಿಲ್ಲಲಿ. ಒಳಚರಂಡಿ ಸರಿ ಇದ್ದರೆ ಕಾಲುವೆಗೆ ಬಣ್ಣ ಬರಬಾರದು. 2ನೇ ಕ್ರಾಸಿಗೆ ಹಸಿರು, 3ನೇ ಕ್ರಾಸಿಗೆ ಕೆಂಪು. ಒಂದು ಮನೆ ಮುಗಿದು ಕಾಲು ಗಂಟೆ ಬಿಟ್ಟು ಇನ್ನೊಂದು.

ಅಪಾರ್ಟ್‌ಮೆಂಟ್ 304 (9:44)
ನಮ್ಮಲ್ಲಿ ಹೋಳಿ ಬಣ್ಣ ಮೂರು ಪ್ಯಾಕೆಟ್ ಉಳಿದಿದೆ.

2ನೇ ಕ್ರಾಸ್, ಕೆಮಿಸ್ಟ್ರಿ ಮೇಷ್ಟ್ರು (9:46)
ಬೇಡ. ಅದರಲ್ಲಿ ಏನೇನಿರುತ್ತದೋ. ಉಳಿದ ನಾಲ್ಕು ಮೀನೂ ಹೋದಾವು. ಕೇಸರಿಬಾತ್‌ಗೆ ಹಾಕುವ ತಿನ್ನುವ ಬಣ್ಣ ಸಾಕು. ಇನ್ನೊಂದು, ಮ್ಯಾನ್‌ಹೋಲ್‌ಗೆ ಯಾರೂ ಇಳಿಯುವ ಹಾಗಿಲ್ಲ, ಯಾರನ್ನೂ ಇಳಿಸುವ ಹಾಗೂ ಇಲ್ಲ. ಒಳಗಿನ ಗ್ಯಾಸ್ ಜೀವ ತೆಗೆಯುತ್ತದೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಇಳಿಸುವುದು ಅಪರಾಧ ಕೂಡ.

1ನೇ ಕ್ರಾಸ್, ಮಹಡಿ ಮನೆ (9:58)
ಛಾವಣಿ ನೀರನ್ನು ಒಳಚರಂಡಿಗೆ ಸೇರಿಸಿರುವವರನ್ನೂ ಬರೆದುಕೊಳ್ಳಿ. ಮಳೆ ಬಂದಾಗ ಮ್ಯಾನ್‌ಹೋಲ್ ಉಕ್ಕಿ ರಸ್ತೆಗೆ, ಅಲ್ಲಿಂದ ಕಾಲುವೆಗೆ ಬರುವುದು ಅದರಿಂದಲೇ.

3ನೇ ಕ್ರಾಸ್, ಮಾವಿನ ಮರದ ಮನೆ (10:30)
ಹೇಳಲೋ ಬೇಡವೋ ಅಂತ ಬೆಳಿಗ್ಗೆಯಿಂದ ಯೋಚಿಸುತ್ತಿದ್ದೆ. ನಮ್ಮ ಲೈನ್ 2019ರಲ್ಲಿ ಕಟ್ಟಿಕೊಂಡಿತ್ತು. ಪ್ಲಂಬರ್ ಪೈಪನ್ನು ಹಿಂದಿನ ಮೋರಿಗೆ ತಿರುಗಿಸಿದ. ಎರಡು ದಿನದ ಮಟ್ಟಿಗೆ ಅಂದಿದ್ದ. ಆಮೇಲೆ ನಾವು ಮರೆತೇಬಿಟ್ಟೆವು. ಮೋರಿ ಎಲ್ಲಿಗೆ ಹೋಗುತ್ತದೆ ಅಂತ ಇವತ್ತಿನವರೆಗೂ ನೋಡಿಲ್ಲ.

4ನೇ ಕ್ರಾಸ್, ಹಳದಿ ಗೇಟು (10:34)
ಹೇಳಿದ್ದಕ್ಕೆ ಥ್ಯಾಂಕ್ಸ್ ರೀ. ಹೀಗೆ ಇನ್ನೂ ಎಷ್ಟು ಮನೆ ಇದೆಯೋ. ನಮ್ಮದೂ ಇರಬಹುದು, ನಾಳೆ ಮೊದಲು ನಮ್ಮ ಚೇಂಬರ್ ತೆರೆದು ನೋಡುತ್ತೇನೆ. ಯಾರ ಮನೆಯದ್ದು ಸಿಕ್ಕರೂ ಫೋಟೋ ಗುಂಪಿಗೆ ಹಾಕುವುದು ಬೇಡ. ಸರಿಮಾಡಿಸಲು ಒಬ್ಬನೇ ಪ್ಲಂಬರ್‌ನ ಮಾತಾಡಿದರೆ ಎಲ್ಲರಿಗೂ ಕಡಿಮೆ ಬೀಳುತ್ತದೆ.

ಭಾನುವಾರ ಬೆಳಿಗ್ಗೆ 6:30, ಚಿಕ್ಕ ಸೇತುವೆ. ಬಣ್ಣ ಮೇಷ್ಟ್ರು ತರುತ್ತಾರೆ. 304ರವರು ಬಿಳಿ ಬಕೆಟ್ ಎರಡು. ಫೋಟೋ, ಟೈಮು ಬರೆದುಕೊಳ್ಳುವುದು ನನ್ನದು. ಗಂಬೂಟು ಯಾರ ಹತ್ತಿರ ಇದೆ? ಸೈಜ್ 8.

5ನೇ ಕ್ರಾಸ್, ಕಾರ್ನರ್ ಮನೆ (10:50)
ನನ್ನ ಹತ್ತಿರ ಇದೆ. ಸೈಜ್ 9. ನಾನೇ ಹಾಕಿಕೊಂಡು ಬರುತ್ತೇನೆ.

3ನೇ ಕ್ರಾಸ್, ಮಾವಿನ ಮರದ ಮನೆ (10:52)
ಮೊದಲ ಬಕೆಟ್ ನಮ್ಮ ಮನೆಯಲ್ಲೇ ಸುರಿಯಿರಿ. ಕಾಫಿ ಇರುತ್ತದೆ. ಬಾತ್‌ರೂಮ್ ಮಾತ್ರ ನಿಮ್ಮ ನಿಮ್ಮ ಮನೆಯಲ್ಲೇ ಮುಗಿಸಿಕೊಂಡು ಬನ್ನಿ.