ಅಪ್‌ಡೇಟ್: ಅಪ್ಪನ ಸಿಜೆ-3ಬಿ ಜೀಪು ಹುಬ್ಬಳ್ಳಿ ರಸ್ತೆಗಿಳಿಯಿತು

ನಮ್ಮ ಹಳೇ ಮಹೀಂದ್ರ ಜೀಪನ್ನು ಮೂಲ ರೂಪಕ್ಕೇ ತರಬೇಕಾ, ಡೀಸೆಲ್ ಎಂಜಿನ್, ಡಿಸ್ಕ್ ಬ್ರೇಕ್ ಹಾಕಿಸಬೇಕಾ ಅಂತ ಕೇಳಿದ್ದೆ, ಅಲ್ವಾ?

‘ನೋಟ ಹಳೇದೇ ಇರಲಿ, ಬ್ರೇಕ್ ಮಾತ್ರ ಬದಲಿಸಿ’ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಮೂಲ ಬ್ರೇಕಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ಲೈನು. ಎಲ್ಲೇ ಜಾಸ್ತಿ ಸೋರಿದರೂ ನಾಲ್ಕೂ ಬ್ರೇಕ್ ಹೋಗುತ್ತವೆ. ಹಾಗಾಗಿ ಹಳೇ ಡ್ರಮ್ ಬ್ರೇಕನ್ನೇ ಉಳಿಸಿಕೊಂಡು, ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು ಲೈನಿರುವ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಹಾಕಿಸಿದೆ. ಡ್ರಮ್ಮಿಗೆ ಒತ್ತುವ ಬ್ರೇಕ್ ಶೂ ಅಡ್ಜಸ್ಟ್ ಆದಮೇಲೆ ಕಲಘಟಗಿ ದಾರಿಯಲ್ಲೂ ಪಕ್ಕಕ್ಕೆ ಎಳೆಯದೆ ನೇರ ನಿಲ್ಲುತ್ತಿದೆ.

ಡಿಸ್ಕ್ ಕಿಟ್ ಕೂರಲಿಲ್ಲ. ಅದರ ಕ್ಯಾಲಿಪರ್ (ಡಿಸ್ಕನ್ನು ಹಿಡಿದು ನಿಲ್ಲಿಸುವ ಭಾಗ) ಹಳೇ ರಿಮ್ಮಿಗೆ ತಾಗುತ್ತಿತ್ತು. ಡೀಸೆಲ್ ಕೈಬಿಟ್ಟೆ. ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದೆ, ಆರ್‌ಟಿಒ ಒಪ್ಪಿಗೆಯಿಲ್ಲದೆ ಎಂಜಿನ್ ಬದಲಿಸುವಂತಿಲ್ಲ. ಅಪ್ಪ ಓಡಿಸಿದ ಎಂಜಿನ್ನೇ ಉಳಿದಿದ್ದು ನನಗೆ ತುಂಬಾ ಖುಷಿ.

ಡ್ಯಾಶ್‌ಬೋರ್ಡ್ ಹಿಂದೆ ಮೂಲ ಬಣ್ಣ ಹಾಗೇ ಸಿಕ್ಕಿತು! ಬಣ್ಣ ಕೆರೆಯುವ ಮೊದಲು ಅಲ್ಲಿ ನೋಡಿಕೊಳ್ಳಿ.