ಅರಿಸ್ಟಾಟಲ್‌ಗ ಒಂದು ಪ್ಲೇಟ್ ಗಿರ್ಮಿಟ್

ಧಾರವಾಡದಾಗ ಗಿರ್ಮಿಟ್ ಅಂಗಡಿ. ಈರಣ್ಣಂದು ಗದಗ ಕಡೆ ಒಂದು ಗ್ರಾಮಸಭೆಯೊಳಗ ಕೃಷಿ ಹೊಂಡದ ಮ್ಯಾಲೆ ಹತ್ತು ನಿಮಿಷ ಭಾಷಣ ಐತಿ. ಅದನ್ನ ಬಸ್ಯಾ, ಮಾಸ್ತರ್ ಮುಂದ ಓದಿ ತೋರಸ್ಲಿಕತ್ತಾನ.

ಈರಣ್ಣ: ಕೇಳ್ರಿ. "ವೇದಿಕೆಯನ್ನು ಅಲಂಕರಿಸಿರುವ ಮಾನ್ಯ ಅಧ್ಯಕ್ಷರೆ, ಉಪಾಧ್ಯಕ್ಷರೆ, ಸರ್ವ ಸದಸ್ಯರೆ..."

ಬಸ್ಯಾ: ಮೂರು ನಿಮಿಷ ಕುರ್ಚಿಗೇ ಹೋತಲ್ಲೋ ಮಾರಾಯಾ!

ಈರಣ್ಣ: "ನನಗೆ 20 ವರ್ಷದ ಅನುಭವವಿದೆ, ನನ್ನನ್ನು ನಂಬಿ."

ಮಾಸ್ತರ್: ನಂಬ್ರಿ ಅಂದ ಕೂಡಲೇ ಮಂದಿ ಕಿಸೆ ಮುಟ್ಟಿ ನೋಡ್ಕೋತಾರ. ಮಾತಾಡಾಂವನ ಮ್ಯಾಲೆ ಕೇಳೋರಿಗೆ ಹುಟ್ಟೋ ನಂಬಿಗಿಗೆ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಎಥೋಸ್ ಅಂದ. ಆ ನಂಬಿಗಿ ಹಳೇ ಹೆಸರಿಂದಲ್ಲ, ಆಡೋ ಮಾತಿನಿಂದಾನ ಹುಟ್ಟಬೇಕಂತ ಖಡಕ್ಕಾಗಿ ಹೇಳ್ಯಾನ. ಅದಕ್ಕ ನಿನಗ ತೊಡಕಾಗೋ ಮಾತು ನೀನಾ ಮೊದಲ ಹೇಳು: ಎರಿ, ಅಂದ್ರ ಕಪ್ಪು ಮಣ್ಣಿನ ಹೊಲದಾಗ ಹೊಂಡದ ನೀರು ನಿಲ್ಲತೈತಿ, ಮಸಾರಿ, ಅಂದ್ರ ಕೆಂಪು ಮಣ್ಣಿನೊಳಗ ಇಂಗತೈತಿ. ಅಲ್ಲಿ ತಾಡಪತ್ರಿ ಹಾಸಬೇಕು, ರೊಕ್ಕ ಬೇಕು.

ಈರಣ್ಣ: ಮಂದಿ ಎದ್ದು ಹೋಗಂಗಿಲ್ಲೇನ್ರಿ?

ಮಾಸ್ತರ್: ಅದನ್ನ ಹಿಂದಿನ ಸಾಲಿನಾಂವ ಎತ್ತಿದ್ರ ನೀ ಕಳ್ಳ. ನೀನಾ ಎತ್ತಿದ್ರ ಬಲ್ಲಾಂವ.

ಬಸ್ಯಾ: ಲೋಗೋಸ್‌ಗೆ, ಅಂದ್ರ ಲೆಕ್ಕ-ತರ್ಕಕ್ಕ, ಏನ್ ತಂದೀಲೇ?

ಈರಣ್ಣ: ಎಂಟು ಕೋಷ್ಟಕ.

ಮಾಸ್ತರ್: ಹರದು ಗಿರ್ಮಿಟ್ ಕಟ್ಟಾಕ ಕೊಡು. ಒಂದಾ ಲೆಕ್ಕ ಸಾಕು. ಎಕರೆ ಮ್ಯಾಲೆ 10 ಮಿಲಿಮೀಟರ್ ಮಳಿ ಅಂದ್ರ ಸುಮಾರು 40,000 ಲೀಟರ್. ಲೀಟರ್ ಕಣ್ಣಿಗೆ ಕಟ್ಟಂಗಿಲ್ಲ, 5,000 ಲೀಟರಿನ ಎಂಟು ಟ್ಯಾಂಕರ್ ಅನ್ನು. ಅಷ್ಟೂ ಹೊಂಡಕ್ಕ ಬರಂಗಿಲ್ಲ, ನೆಲಾನೂ ಕುಡೀತೈತಿ, ಅದನ್ನ ಮುಚ್ಚಿಡಬ್ಯಾಡ. ಆಮ್ಯಾಲೆ "ಟ್ಯಾಂಕರ್ ಬಾಡಿಗಿ ನಿಮಗ ಗೊತ್ತೈತಿ" ಅಂದು ಸುಮ್ಮನಾಗು. ಗುಣಾಕಾರ ಅವರಾ ಮಾಡ್ಲಿ. ತಾವಾ ಹಾಕಿದ ಲೆಕ್ಕಕ್ಕ ಯಾರೂ ತಕರಾರು ತಗಿಯಂಗಿಲ್ಲ. ಹಿಂಗ ಒಂದು ಮಾತು ಕೇಳೋರಿಗೇ ಬಿಡೋ ವಾದಕ್ಕ ಎಂಥಿಮೀಮ್ ಅಂತ ಹೆಸರು.

ಬಸ್ಯಾ: ಹೆಸರು ಕೇಳಿದ್ರ ಗುಳಿಗಿ ಇದ್ದಂಗೈತಿ. ಕಥಿ?

ಈರಣ್ಣ: "ನಾಡಿನ ಸಮಸ್ತ ರೈತ ಬಾಂಧವರ ಕಣ್ಣೀರು..."

ಮಾಸ್ತರ್: ಸಮಸ್ತ ಬಾಂಧವರ ಮುಖ ಯಾರಿಗೆ ಕಾಣಸತೈತಿ? ಒಬ್ಬಾಕಿ, ಒಂದು ಹೊಲ, ಒಂದು ಸಂಜಿ. ಮೆಣಸಿನಗಿಡ ಹೂ ಬಿಟ್ಟೈತಿ, ಎಲಿ ಮುದುಡ್ಯಾವ, ಟ್ಯಾಂಕರಿನಾಂವ ಫೋನ್ ಎತ್ತವಲ್ಲ. ಇದನ್ನ ಮೊದಲಾ ಹೇಳು, ನಮಸ್ಕಾರ ಒಂದು ಸಾಲಿನಾಗ ಮುಗಿಸು. ಎರಡು ನಿಮಿಷಕ್ಕ ನಿಲ್ಲಿಸಿ ಲೆಕ್ಕಕ್ಕ ಬಾ. ಕಣ್ಣೀರಿನಷ್ಟು ಲಗೂನ ಒಣಗೂದು ಯಾವುದೂ ಇಲ್ಲಂತ ಹಳೇ ಗುರುವಿನ ಮಾತೊಂದನ್ನ ರೋಮ್‌ನ ಭಾಷಣಕಾರ ಸಿಸೆರೊ ಬರದಿಟ್ಟಾನ. ಮತ್ತ, ಕಟ್ಟಿದ ಕಥಿ ಇದ್ರ "ಅನ್ಕೋರಿ" ಅನ್ನು. ಖರೇ ಅಂತ ಹೇಳಿ ಸಿಕ್ಕೊಂಡ್ರ ನಿನ್ನ ಎಥೋಸ್ ಹಳ್ಳಕ್ಕ.

ಬಸ್ಯಾ: ಮುಗಿಸೂದು ಹೆಂಗ?

ಈರಣ್ಣ: "ಈ ನಿಟ್ಟಿನಲ್ಲಿ ಚಿಂತನೆ ನಡೆಸಬೇಕಾಗಿದೆ."

ಮಾಸ್ತರ್: ಯಾರು? ಯಾವಾಗ? "ಹೊಂಡ ಬೇಕಾದವರು ಈಗಾ ಹೆಸರು, ಸರ್ವೇ ನಂಬರ್ ಬರಸ್ರಿ" ಅನ್ನು.

ಬಸ್ಯಾ: ವಂದನಾರ್ಪಣೆಗಿಂತ ಮೊದಲಾ ಬರಸ್ಲೇ. ಉಪ್ಪಿಟ್ಟಿನ ವಾಸನಿ ಬಂತಂದ್ರ ಅರಿಸ್ಟಾಟಲ್ ಬಂದು ಕೈಮುಗಿದ್ರೂ ಒಬ್ಬನೂ ಕೂಡ್ರಂಗಿಲ್ಲ!